ಮದ್ದು ಸವರಿದ ರಾಡು

ಲಾರಿ ಬಡಿದ ಹೊಡೆತಕ್ಕೆ ನೀಲವ್ವನ ಗಂಡನ ಮೊಣಕಾಲ ಕೆಳಗಿನ ಮೂಳೆ ಮುರಿದು, ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಗಾಯದ ತುಂಬ ರಸ್ತೆಯ ಮಣ್ಣು.

"ಎಷ್ಟು ತೊಳೆದರೂ ನಂಜಾಗುವ ಭಯ ಇದ್ದೇ ಇದೆ," ಎಂದರು ಡಾಕ್ಟರು. "ಮದ್ದು ಸವರಿದ ರಾಡು ಅಂತ ಬರುತ್ತೆ. ಅದನ್ನ ಮೂಳೆಯೊಳಗೆ ಕೂರಿಸಿದರೆ ಕಾಲು ಉಳಿಯಬಹುದು. ಇಡೀ ಹುಬ್ಬಳ್ಳಿಯಲ್ಲಿ ಒಂದೇ ಸಿಕ್ಕಿದೆ. ಕ್ರಿಮಿ ಸಾಯಲಿ ಅಂತ ಕುದಿಸಿದರೆ ಮದ್ದೂ ಹೋಗುತ್ತೆ, ಸೀಲ್ ಮಾಡಿದ ಡಬ್ಬಿಯಿಂದ ನೇರವಾಗಿ ಒಳಗೆ ಹೋಗಬೇಕು. ಸಂಜೆ ದಾಟಿದರೆ ನನ್ನ ಕೈಲಿಲ್ಲಮ್ಮ."

ರಾಡು ತರಲು ಮೈದುನ ಭರಮಪ್ಪ ಬೈಕು ಹತ್ತಿದ. ನೀಲವ್ವನಿಗೆ ತನ್ನ ಕೈಲಾಗುವುದು ಒಂದೇ ಹೊಳೆಯಿತು. ಓಡಿಹೋಗಿ ಹ್ಯಾಂಡಲ್ ಹಿಡಿದಳು.

"ಬರೂ ಹಾದ್ಯಾಗ ಅವ್ವನ ಗುಡಿ ಐತಿ. ಪಾದಕ್ಕ ಮುಟ್ಟಿಸ್ಕೊಂಡ ಬಾರಪಾ."

"ಆತ್ ವೈನಿ."

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಗಂಡನ ತಣ್ಣಗಿನ ಕಾಲ್ಬೆರಳು ಹಿಡಿದು ಕೂತಳು.

"ಕಾಲ ಐತೇನ ಇನ್ನಾ?" ಅವನು ಕಣ್ಣು ಮುಚ್ಚಿಯೇ ಕೇಳಿದ.

"ನಿಮ್ಮನ್ನ ಬಿಟ್ಟ ಅದೊಂದ ಎಲ್ಲಿ ಹೋಗತೈತ್ರಿ?"

ಅವನು ನಕ್ಕ. ಅವಳಿಗೆ ಆಗಲಿಲ್ಲ.

ಹೊತ್ತು ಇಳಿಯುವ ಮೊದಲೇ ಭರಮಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಆಪರೇಷನ್ ಕೋಣೆಯ ಬಾಗಿಲಲ್ಲಿ ಡಾಕ್ಟರು ಕಾಯುತ್ತಿದ್ದರು.

"ತಂದ್ಯಾ?" ಎಂದಳು ನೀಲವ್ವ.

"ತಂದೀನಿ ವೈನಿ. ಪೂಜಾರಿ ಡಬ್ಬಿ ಮ್ಯಾಲ ಪೂಜಿ ಮಾಡಿದ್ರ ಅವ್ವಗ ಮುಟ್ಟೂದಿಲ್ಲ ಅಂದ, ಬಿಚ್ಚಿ ಚಲೋತ್ನ್ಯಾಗ ಮಾಡಿಸೀನಿ."

ಅವನು ಟವೆಲ್ಲು ಬಿಡಿಸಿ, ಉದ್ದಕ್ಕೂ ಅರಿಸಿನ ಕುಂಕುಮ ಮೆತ್ತಿದ್ದ ರಾಡನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರ ಮುಂದೆ ಚಾಚಿದ.