ಪಣಂಬೂರಿನಲ್ಲಿ ಒಂದು ರೈಟ್

"ಒಳಗೆ ನಡೀರಪ್ಪ, ಒಳಗೆ ನಡೀರಿ! ಮಧ್ಯದಲ್ಲಿ ಅಷ್ಟೊಂದು ಜಾಗ ಐತೆ, ಬಾಗಿಲಲ್ಲೇ ಯಾಕೆ ಜೋತಾಡ್ತೀರಿ?"

ಮಂಗಳೂರಿನ ಸಿಟಿ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಹೀಗೆ ಕೂಗಿದವರು ಕಂಡಕ್ಟರ್ ಅಲ್ಲ, ಚಿಂತಾಮಣಿಯಿಂದ ಬಂದಿದ್ದ ವೆಂಕಟರಾಯಪ್ಪ. ಇಡೀ ಜನ್ಮ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದು, ಹೋದ ವರ್ಷ ನಿವೃತ್ತರಾದವರು. ತಂಗಿಯ ಮಗಳ ಮದುವೆಗೆಂದು ಬಂದಿದ್ದರು. ಊಟ ಮುಗಿದಿತ್ತು, ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೆಂಡತಿ ರಾಮಲಕ್ಷ್ಮಮ್ಮ ಹುಟ್ಟಿದಾಗಿನಿಂದ ಸಮುದ್ರ ಕಂಡವರಲ್ಲ. "ಬಾ, ಪಣಂಬೂರಲ್ಲಿ ತೋರಿಸ್ತೀನಿ. ಬಸ್ಸಿನ ವಿಷಯ ನನಗೆ ಬಿಡು" ಎಂದು ಹೊರಡಿಸಿಕೊಂಡು ಬಂದಿದ್ದರು. ಜೇಬುಗಳ್ಳರ ಭಯಕ್ಕೆ ತಮ್ಮ ಪರ್ಸು, ಫೋನು ಎರಡನ್ನೂ ಆಕೆಯ ಬ್ಯಾಗಿಗೆ ಹಾಕಿ, ಟಿಕೆಟ್ಟಿಗೆ ಬೇಕಾದಷ್ಟು ಚಿಲ್ಲರೆ ಮಾತ್ರ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆಕೆ ಮುಂದಿನ ಬಾಗಿಲಲ್ಲಿ ಹತ್ತಿ ಹೆಂಗಸರ ಸೀಟಿನಲ್ಲಿ ಕೂತರು. ಇವರಿಗೂ ಹಿಂದೆ ಸೀಟು ಸಿಕ್ಕಿತ್ತು. ಆದರೆ ಕೂರುವುದು ಹೇಗೆ? ಕಣ್ಣೆದುರಿಗೇ ಒಂದು ಬಾಗಿಲು ಯಜಮಾನನಿಲ್ಲದೆ ತೆರೆದುಕೊಂಡಿತ್ತು.

ಕಂಡಕ್ಟರ್ ಮುಂದುಗಡೆ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡಿದ್ದ. ಪ್ರತಿ ಸ್ಟಾಪಿನಲ್ಲೂ "ರೈಟ್, ಪೋಯಿ!" ಎಂದು ಅಲ್ಲಿಂದಲೇ ಕೂಗುತ್ತಿದ್ದ. ತುಳುವಿನಲ್ಲಿ ಹೊರಡೋಣ ಎಂದರ್ಥ. ತೆಲುಗು ಬೆರೆತ ಸೀಮೆಯ ರಾಮಲಕ್ಷ್ಮಮ್ಮ ಮಾತ್ರ ಮೊದಲ ಸಲ ಕೇಳಿದಾಗ ಬೆಚ್ಚಿಬಿದ್ದು, "ಅಯ್ಯೋ, ಏನಮ್ಮಾ ಪೋಯಿಂದಿ? ಯಾರದು ಕಳೆದುಹೋಯ್ತು?" ಎಂದು ಪಕ್ಕದ ಹೆಂಗಸನ್ನು ಕೇಳಿ, ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದರು.

ಲೇಡಿಹಿಲ್ ಬರುವಷ್ಟರಲ್ಲಿ ಹಿಂದಿನ ಬಾಗಿಲು ಪೂರ್ತಿಯಾಗಿ ವೆಂಕಟರಾಯಪ್ಪನವರ ವಶವಾಗಿತ್ತು. ಮುದುಕರ ರಟ್ಟೆ ಹಿಡಿದು ಹತ್ತಿಸಿದರು. ಕಾಲೇಜು ಹುಡುಗರ ಬ್ಯಾಗುಗಳನ್ನು ಬೆನ್ನಿನಿಂದ ಇಳಿಸಿದರು. ಎಲ್ಲರೂ ಹತ್ತಿದ ಮೇಲೆ ಬಸ್ಸಿನ ಮೈಮೇಲೆ ಧಡ್ ಧಡ್ ಎಂದು ಬಡಿದು "ರೈಟ್!" ಅನ್ನುವರು. ಡ್ರೈವರ್ ಹಿಂದೆಮುಂದೆ ನೋಡದೆ ಹೊರಡುವನು. ನಿವೃತ್ತಿಯಾದ ದಿನದಿಂದ ಮನೆಯಲ್ಲಿ ಇವರು ಹೇಳಿದ್ದಕ್ಕೆ ಒಂದು ಕುರ್ಚಿಯೂ ಅಲುಗಿರಲಿಲ್ಲ. ಇಲ್ಲಿ ಒಂದು ಮಾತಿಗೆ ಇಡೀ ಬಸ್ಸು ಅಲುಗುತ್ತಿತ್ತು! ಆ ಖುಷಿಯಲ್ಲಿ ಕೊಟ್ಟಾರದಲ್ಲಿ ತಲೆ ಹೊರಗೆ ಹಾಕಿ, "ಯಾರ್ರೀ ಕೈವಾರ, ಚಿಂತಾಮಣಿ, ಮುರುಗಮಲ್ಲ!" ಎಂದು ತಮ್ಮ ಹಳೆಯ ರೂಟನ್ನೇ ಕೂಗಿಬಿಟ್ಟರು. ಹತ್ತಲು ಕಾಲೆತ್ತಿದ್ದ ಒಬ್ಬರು ಕಾಲು ಕೆಳಗಿಟ್ಟರು.

"ಅದು ಎಲ್ಲಿ ಬರ್ತದೆ ಮಾರಾಯ್ರೆ? ಮೂಡಬಿದ್ರೆಯಿಂದ ಆಚೆಯಾ?"

"ಹತ್ರಿ, ಹತ್ರಿ, ಹೇಳ್ತೀನಿ" ಎಂದು ಅವರನ್ನೂ ಒಳಗೆ ಎಳೆದುಕೊಂಡರು.

ಕೂಳೂರು ಸೇತುವೆ ದಾಟಿತು. ಮುಂದಿನ ಸ್ಟಾಪಿನಲ್ಲಿ ಇಳಿಯುವವರೂ ಬಹಳ, ಹತ್ತುವವರೂ ಬಹಳ. ವೆಂಕಟರಾಯಪ್ಪ ಮೈಯೆಲ್ಲ ಬೆವರಾಗಿ ಜನರನ್ನು ತುಂಬಿದರು, ಬಾಗಿಲಿಗೆ ಅಡ್ಡ ನಿಂತರು, ಬಡಿದರು. "ರೈಟ್! ರೈಟ್!"

ಬಸ್ಸು ಸುರತ್ಕಲ್ಲಿನಲ್ಲಿ ನಿಂತು ಖಾಲಿಯಾಯಿತು. ಕಂಡಕ್ಟರ್ ಹಿಂದೆ ಬಂದು ಇವರ ಕೈ ಕುಲುಕಿದ. ವೆಂಕಟರಾಯಪ್ಪ ಎದೆಯುಬ್ಬಿಸಿಕೊಂಡೇ ಮುಂದಿನ ಸೀಟುಗಳ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ನಮ್ಮ ಮನೆಯೋರೆಲ್ಲಿ?"

"ಹಸಿರು ಬ್ಯಾಗಿನ ಅಮ್ಮನಾ? ಪಣಂಬೂರಿನಲ್ಲಿ ಇಳಿದ್ರಲ್ಲ!"

"ನನ್ನನ್ನ ಬಿಟ್ಟು ಬಸ್ ಹೆಂಗಪ್ಪಾ ಹೊರಡಿಸ್ದೆ ನೀನು?"

"ನಾನಾ?" ಕಂಡಕ್ಟರ್ ಕಣ್ಣು ಬಿಟ್ಟ. "ರೈಟ್ ಕೊಟ್ಟದ್ದು ನೀವೇ ಮಾರಾಯ್ರೆ! ಅವರು ಕೆಳಗಿನಿಂದ ಕೈ ಬೀಸ್ತಾ ಇದ್ರು. ನೀವೂ ಬೀಸಿದ್ರಿ!"

ಹೌದು, ಬೀಸಿದ್ದು ನೆನಪಿಗೆ ಬಂತು. ಯಾರೋ ಜನ ತಮ್ಮ ಕೆಲಸ ಮೆಚ್ಚಿ ಕೈ ಬೀಸುತ್ತಿದ್ದಾರೆ ಎಂದುಕೊಂಡಿದ್ದರು.

ವೆಂಕಟರಾಯಪ್ಪ ದಡಬಡ ಕೆಳಗಿಳಿದರು. ಶಿಡ್ಲಘಟ್ಟದ ಸಂತೆಗೂ ಒಬ್ಬಳೇ ಹೋದವಳಲ್ಲ. ಕೇಳೋಣವೆಂದರೆ ಫೋನು ಅವಳ ಬ್ಯಾಗಿನಲ್ಲೇ ಇದೆ. ಭಾಷೆ ಬಾರದ ಊರು, ಮುಂದೆ ಸಮುದ್ರ. ಕಂಡಕ್ಟರನೇ ವಾಪಸ್ ಹೋಗುವ ಇನ್ನೊಂದು ಬಸ್ಸಿಗೆ ಹತ್ತಿಸಿ, ಆ ಕಂಡಕ್ಟರನ ಕಿವಿಯಲ್ಲಿ ತುಳುವಿನಲ್ಲಿ ಏನೋ ಹೇಳಿ ಕಳಿಸಿದ. ಆ ಬಸ್ಸಿನಲ್ಲಿ ವೆಂಕಟರಾಯಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತರು. ಹಿಂದಿನ ಬಾಗಿಲಲ್ಲಿ ಯಾರು ಹತ್ತಿದರು, ಯಾರು ಬಿಟ್ಟರು, ಒಂದನ್ನೂ ನೋಡಲಿಲ್ಲ.

ಪಣಂಬೂರಿನಲ್ಲಿ ಇಳಿದು, ಬೀಚಿನ ದಾರಿಯುದ್ದಕ್ಕೂ ಓಡಿದರು. ಪಂಚೆ ಎತ್ತಿಕಟ್ಟಿ ಮರಳಿನಲ್ಲಿ ಏದುಸಿರು ಬಿಡುತ್ತಾ ಬಂದವರನ್ನು ದಡ ಕಾಯುವವನೊಬ್ಬ ತಡೆದ.

"ನಮ್ಮ ಮನೆಯೋರು ಕಳೆದುಹೋಗವ್ರೆ ಸ್ವಾಮಿ!"

"ಸೀರೆ ಯಾವ ಬಣ್ಣ?"

ವೆಂಕಟರಾಯಪ್ಪ ಬಾಯಿ ತೆರೆದರು. ಮದುವೆ ಮನೆಯಿಂದ ಜೊತೆಯಲ್ಲೇ ಹೊರಟಿದ್ದರು, ಬಸ್ ಸ್ಟ್ಯಾಂಡಿನವರೆಗೂ ಜೊತೆಯಲ್ಲೇ ನಡೆದಿದ್ದರು. ಬಾಯಿ ಹಾಗೆಯೇ ಮುಚ್ಚಿಕೊಂಡಿತು.

"ನೋಡಿ, ಅಲ್ಲೊಬ್ಬರು ಅಮ್ಮ ಇದ್ದಾರೆ" ಎಂದು ಅವನು ಕೈ ತೋರಿಸಿದ. "ನೀರು ಬಿಟ್ಟು ಮೇಲೆ ಬನ್ನಿ ಅಂತ ಸೀಟಿ ಊದಿ ಊದಿ ನನಗೆ ಸುಸ್ತಾಯ್ತು. ಕಿವಿಗೇ ಹಾಕಿಕೊಳ್ಳುದಿಲ್ಲ."

ನೊರೆ ಬಂದು ಹೋಗುವ ಜಾಗದಲ್ಲಿ ರಾಮಲಕ್ಷ್ಮಮ್ಮ ಕಾಲು ಚಾಚಿ ಕೂತಿದ್ದರು. ಸೊಂಟದವರೆಗೂ ಒದ್ದೆ, ತಲೆಯಲ್ಲಿ ಮರಳು. ಅಲೆ ಬಂದಾಗಲೆಲ್ಲ ಎರಡೂ ಕೈ ಮೇಲೆತ್ತಿ, ಸಣ್ಣ ಹುಡುಗಿಯ ಹಾಗೆ ಕಿರುಚಿ ನಗುತ್ತಿದ್ದರು. ವೆಂಕಟರಾಯಪ್ಪ ಅಳು ಬಂದಂತಾಗಿ, "ಲಕ್ಷ್ಮೀ!" ಎಂದು ಕೂಗಿದರು.

ರಾಮಲಕ್ಷ್ಮಮ್ಮ ಕತ್ತು ತಿರುಗಿಸಿ ನೋಡಿದರು. ನಗು ಸ್ವಲ್ಪ ಇಳಿಯಿತು.

"ಇಷ್ಟು ಬೇಗ ಬಂದ್ಬಿಟ್ರಾ?"