ದಿಯುವಿನಿಂದ ಬಂದ ಮಾವ

"ಹಮೀದಮ್ಮಾ, ನಿಮ್ಮೂರು ನಮ್ದಾಯ್ತು ಕಣಮ್ಮ! ಪೋರ್ಚುಗೀಸ್ರು ಶರಣಾದ್ರಂತೆ, ಈಗ್ಲೇ ರೇಡಿಯೋದಾಗೆ ಹೇಳುದ್ರು!"

ಉಣ್ಣೆ ಮೂಟೆ ಹೊತ್ತು ತಂದ ಕ್ಯಾತಣ್ಣ ಬಾಗಿಲಲ್ಲೇ ಕೂಗಿದ. ಶಿರಾದ ಬಸ್ ಸ್ಟ್ಯಾಂಡ್ ಹೋಟೆಲಿನ ಮಾಲೀಕ ಜಯರಾಮಯ್ಯನವರು ಬಂದವರಿಗೆಲ್ಲ ಮೈಸೂರುಪಾಕು ಹಂಚುತ್ತಿದ್ದರಂತೆ.

ಹಮೀದಾ ಬಾಗಿಲಿಗೆ ಓಡಿ ಬಂದಳು. "ಕೋಟೆ ಹತ್ರ ಗುಂಡು ಹಾರಿಸಿದ್ರಾ, ಕ್ಯಾತಣ್ಣ?"

"ಹಾರಿಸ್ದೆ ಬುಡ್ತಾರಾ? ಯುದ್ಧ ಅಂದ್ರೆ ಸುಮ್ನೇನಾ?"

ಕೋಟೆಯ ಪಕ್ಕದಲ್ಲೇ ಅವಳ ತವರು. ದಿಯು ಪೋರ್ಚುಗೀಸರ ಕೈಲಿದ್ದ, ಗುಜರಾತಿ ಮಾತಿನ ಪುಟ್ಟ ದ್ವೀಪ. ಅಪ್ಪನೂ ಚಿಕ್ಕಪ್ಪ ಮುನೀರನೂ ಅಲ್ಲಿ ದೋಣಿ ನಡೆಸುತ್ತಿದ್ದರು. ಬೊಂಬಾಯಿಗೆ ಕಂಬಳಿ ಮಾರಲು ಹೋಗುತ್ತಿದ್ದ ಮುಕ್ತಾರನನ್ನು ಅಲ್ಲಿನ ನೆಂಟರ ಮೂಲಕ ಮದುವೆಯಾಗಿ ಅವಳು ಶಿರಾಕ್ಕೆ ಬಂದದ್ದು. ಐವತ್ತೈದರಲ್ಲಿ ಗಡಿ ಮುಚ್ಚಿದ ಮೇಲೆ ಆರು ವರ್ಷ ತವರಿನವರ ಮುಖ ನೋಡಿರಲಿಲ್ಲ.

ಸಂಜೆ ಮುಕ್ತಾರ್ ಬಂದಾಗ ಅವಳು ಅಳುತ್ತಿದ್ದಳು. ಅವನು ಬೇಗನೆ ಬೀದಿಬಾಗಿಲು ಮುಚ್ಚಿದ.

"ಊರೆಲ್ಲ ಖುಷಿಯಾಗಿದೆ. ನೀನು ಹೀಗೆ ಅತ್ತರೆ ಜನ ಏನಂದುಕೊಂಡಾರು?"

"ಅಬ್ಬಾ ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಅಳೋದಕ್ಕೂ ಜನರನ್ನ ಕೇಳಬೇಕಾ?"

ಅವನು ಬಾಗಿಲಿಗೆ ಅಗುಳಿಯನ್ನೂ ಹಾಕಿದ.

ಬೊಂಬಾಯಿಯ ನೆಂಟರಿಗೆ ತಂತಿ ಕೊಟ್ಟರೂ ಅವರಿಗೂ ಏನೂ ಗೊತ್ತಿರಲಿಲ್ಲ. ಹಮೀದಾಳಿಗೆ ಊಟ ಸೇರುತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮರುತಂತಿ ಬಂತು: ಅಪ್ಪ ಹೊರಟಿದ್ದಾರೆ. ಅದರಲ್ಲಿ ಬೇರೆ ಯಾರ ಹೆಸರೂ ಇರಲಿಲ್ಲ.

ಬಸ್ಸಿಳಿದ ಅಪ್ಪ ಅವಳ ತಲೆ ಸವರಿದ. "ಚಾಚಾ ಹೇಗಿದ್ದಾರೆ?" ಎಂದು ಅವಳು ಕೇಳುವಷ್ಟರಲ್ಲಿ ಹೋಟೆಲಿನ ಜನ ಸುತ್ತುವರಿದರು. ಜಯರಾಮಯ್ಯನವರು ಹಾರ ಹಾಕಿದರು.

"ನಮ್ಮ ಸೈನ್ಯ ಬಂದಾಗ ಹೇಗನ್ನಿಸ್ತು, ಹೇಳಿ ಸಾಹೇಬ್ರೇ!"

ಮುಕ್ತಾರ್ ಆ ಪ್ರಶ್ನೆಯನ್ನು ಬೊಂಬಾಯಿಯಲ್ಲಿ ಕಲಿತಿದ್ದ ಗುಜರಾತಿಯಲ್ಲಿ ಮಾವನಿಗೆ ಹೇಳಿದ. ಹಮೀದಾಳನ್ನು ಬಿಟ್ಟರೆ ಅಲ್ಲಿ ಮತ್ತಾರಿಗೂ ಆ ಭಾಷೆ ತಿಳಿಯದು.

ಮುದುಕ ನಿಧಾನವಾಗಿ ಹೇಳಿದ: "ಪೋರ್ಚುಗೀಸರು ಹೋದದ್ದು ಒಳ್ಳೆಯದೇ ಆಯಿತು. ಆದರೆ ಗುಂಡಿನ ಸದ್ದು ಕೇಳಿ ಮುನೀರ್ ದೋಣಿ ನೋಡಿಕೊಂಡು ಬರುತ್ತೇನೆಂದು ದಡಕ್ಕೆ ಓಡಿದ. ದೋಣಿ ಸಿಕ್ಕಿತು. ಅವನು ಸಿಗಲಿಲ್ಲ."

ಹಮೀದಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನಂತೆ? ಏನಂದ್ರು?" ಜನ ಮುಕ್ತಾರನ ಮುಖ ನೋಡಿದರು.

ಮುಕ್ತಾರ್ ಹೆಂಡತಿಯ ಕಡೆ ತಿರುಗಲಿಲ್ಲ. "ತುಂಬಾ ಸಂತೋಷ ಆಯ್ತಂತೆ," ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಡ ತಿಳಿಯದ ಮುದುಕ ಎದೆಯ ಮೇಲೆ ಕೈಯಿಟ್ಟು ಒಬ್ಬೊಬ್ಬರಿಗೂ ತಲೆಬಾಗಿದ.