ಪುಕ್ಕಟೆ ಪಾಠ

ತಂಗಿ ಆಂಜನಮ್ಮ ಬ್ರೌಸಿಂಗ್ ಸೆಂಟರಿನ ಮೆಟ್ಟಿಲು ಹತ್ತುವುದನ್ನು ಮುನಿರಾಜಪ್ಪ ಎಳನೀರಿನ ಗಾಡಿಯ ಮರೆಯಲ್ಲಿ ನಿಂತು ನೋಡಿದ. ಐವತ್ತು ದಾಟಿದ ಹೆಂಗಸಿಗೆ ಹಲಸೂರು ಬಜಾರಿನ ಅಂಥ ಜಾಗದಲ್ಲಿ ಏನು ಕೆಲಸ?

ಕೆ.ಆರ್. ಪುರದ ರಾಗಿ ಹೊಲವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಡಲು ಎಲ್ಲವೂ ಸಿದ್ಧವಾಗಿತ್ತು. ಪಿತ್ರಾರ್ಜಿತ ಆಸ್ತಿ, ಕಾನೂನು ಬದಲಾಗಿ ಮೂರು ವರ್ಷವಾಯಿತು, ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಲೇಬೇಕು ಎಂದು ಬಿಲ್ಡರನ ವಕೀಲ ಹೇಳಿದ್ದ. ಮುನಿರಾಜಪ್ಪನಿಗೆ ಇದೇನೂ ದೊಡ್ಡ ವಿಷಯವಲ್ಲ. ಅವನ ಕಡೆಯವರಲ್ಲಿ ಅಣ್ಣ ಸೀರೆ, ಅರಿಶಿನ ಕುಂಕುಮ ಇಟ್ಟು ಕರೆದರೆ ತಂಗಿಯರು ಬಂದು, ಊಟ ಮಾಡಿ, ತೋರಿಸಿದ ಕಡೆ ಸಹಿ ಹಾಕಿ ಹೋಗುತ್ತಾರೆ. ಆಂಜನಮ್ಮ ಸೀರೆಯನ್ನೇನೋ ತೆಗೆದುಕೊಂಡಳು. ಆಮೇಲೆ, "ಮುಂದಿನ ತಿಂಗ್ಳು ಬರ್ತೀನಿ ಅಣ್ಣ, ಈಗ ಪಾಠ ನಡೀತೈತೆ," ಎಂದಳು.

ಪಾಠವಂತೆ. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದು, ಬಿಎಸ್‌ಸಿ ಸೇರುತ್ತೇನೆಂದು ಊಟ ಬಿಟ್ಟು ಕೂತಿದ್ದವಳಿಗೆ ಮುಂದೆ ನಿಂತು ಮದುವೆ ಮಾಡಿಸಿ ಹಲಸೂರಿಗೆ ಸಾಗಹಾಕಿದವನು ಅವನೇ. ಅದನ್ನು ಅವಳು ಇಷ್ಟು ವರ್ಷ ಒಮ್ಮೆಯೂ ಎತ್ತಿ ಆಡಿರಲಿಲ್ಲ. ಆಡದಿದ್ದುದೇ ಅವನಿಗೆ ಭಯ.

ಸೆಂಟರಿನವನನ್ನು ಹೊರಗೆ ಕರೆದು ವಿಚಾರಿಸಿದ. ಹೊರದೇಶದ, ನಮ್ಮ ದೇಶದ ವಿಶ್ವವಿದ್ಯಾಲಯಗಳ ಪ್ರೊಫೆಸರುಗಳು ತಮ್ಮ ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದಾರಂತೆ. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಆಸೆ ಇದ್ದವರು ನೋಡಬಹುದು. ಗಣಿತ, ವಿಜ್ಞಾನ, ಕಾನೂನು, ಎಲ್ಲವೂ ಉಂಟಂತೆ. ಕಾನೂನು ಎಂದದ್ದೇ ಮುನಿರಾಜಪ್ಪನ ಎದೆ ಧಸಕ್ಕೆಂದಿತು.

ಅವನಿಗೆ ಇಂಗ್ಲಿಷ್ ಬಾರದು. ಬಿಕಾಂ ಕೊನೆಯ ವರ್ಷದಲ್ಲಿದ್ದ ಮಗಳು ಶ್ವೇತಳನ್ನು ಕರೆದ. ಕಂಪ್ಯೂಟರ್ ಹೇಳಿಕೊಡುವ ನೆಪದಲ್ಲಿ ಅತ್ತೆಯ ಜೊತೆ ದಿನಾ ಹೋಗಬೇಕು, ಅವಳು ಏನು ನೋಡುತ್ತಾಳೆಂದು ಬಂದು ಹೇಳಬೇಕು. ಅಷ್ಟು ಹೊತ್ತು ಕೂತು ತಾನೇನು ಮಾಡಲಿ ಎಂದು ಶ್ವೇತ ಮೂತಿ ಸೊಟ್ಟ ಮಾಡಿದಳು.

"ನೀನೂ ಏನಾನ ನೋಡ್ಕಂಡು ಕೂತ್ಕೋ. ಒಂದು ಕಣ್ಣು ಅತ್ತೆ ಮೇಲಿರ್ಲಿ ಅಷ್ಟೆ," ಎಂದ ಅಪ್ಪ.

ವರದಿ ತಪ್ಪದೆ ಬಂತು. ಅತ್ತೆ ನೋಡುವುದು ಬರೀ ನಕ್ಷತ್ರ, ಗ್ರಹ. ಶನಿಯ ಸುತ್ತಲಿನ ಬಳೆ ಕಂಡು ಕಣ್ಣೊರೆಸಿಕೊಂಡರಂತೆ. ಮುನಿರಾಜಪ್ಪ ಬಿದ್ದು ಬಿದ್ದು ನಕ್ಕ. ಶನಿಯನ್ನು ದುಡ್ಡು ಕೊಟ್ಟು ನೋಡುವವರೂ ಇದ್ದಾರಲ್ಲ ಎಂದ. ಶ್ವೇತ ನಗಲಿಲ್ಲ. ಅವಳಿಗೂ ಆ ಜಾಗದ ರುಚಿ ಹತ್ತಿತ್ತು; ಅತ್ತೆ ಎದ್ದು ಹೋದ ಮೇಲೂ ಕೂತು ಬರುತ್ತಿದ್ದಳು. ಮದುವೆಯಾಗುವ ತನಕ ಹೊತ್ತು ಹೋದರೆ ಸಾಕೆಂದು ಅಪ್ಪ ಸುಮ್ಮನಾದ.

ಕೊನೆಗೊಂದು ದಿನ ಆಂಜನಮ್ಮ ಮಾತಿಗೆ ತಪ್ಪದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದಳು. ಏನೊಂದೂ ಕೇಳದೆ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು.

"ಅಷ್ಟು ದೊಡ್ಡ ಆಕಾಶ ನೋಡಿದ್ಮೇಲೆ ಈ ಮೂರೆಕರೆ ಯಾವ ಲೆಕ್ಕ ಬಿಡಣ್ಣ," ಎಂದಳು.

ಮುನಿರಾಜಪ್ಪನಿಗೆ ಇಂಥವಳ ಹಿಂದೆ ಬೇಹು ಬಿಟ್ಟೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಆದರೂ ಅವಳಿಗೆ ಆಕಾಶ ತೋರಿಸಿದ ಆ ಪರದೇಶದ ಪ್ರೊಫೆಸರಿಗೆ ಮನಸ್ಸಿನಲ್ಲೇ ಕೈಮುಗಿದ. ಮೂರೆಕರೆಯೂ ಅವನದಾಯಿತು.

ವಕೀಲ ಹಾಳೆ ತಿರುಗಿಸಿ, ಇನ್ನೊಂದು ಸಹಿ ಬಾಕಿ ಇದೆ, ಮಗಳದು ಎಂದ. ಮುನಿರಾಜಪ್ಪ ಅತ್ತೆಯ ಜೊತೆ ಬಂದು ಕೂತಿದ್ದ ಶ್ವೇತಳ ಮುಖವನ್ನೂ ನೋಡದೆ ಪೆನ್ನನ್ನು ಆ ಕಡೆ ತಳ್ಳಿದ.

ಶ್ವೇತ ಪೆನ್ನಿಗೆ ಮುಚ್ಚಳ ಹಾಕಿದಳು. "ಅತ್ತೆ ಪಕ್ಕದಲ್ಲಿ ಕೂತು ನಾನು ಕಾನೂನು ಪಾಠ ನೋಡ್ತಿದ್ದೆ ಅಪ್ಪ. ನನ್ನ ಭಾಗ ನಾನು ಬಿಡಲ್ಲ."